ಬಲಗಡೆಯ ಹೆಸರು

ಅಜ್ಮಾನಿನ ಟೈಪಿಂಗ್ ಸೆಂಟರಿನಲ್ಲಿ
ಕಿವಿಗೆ ಅರಳೆ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು,
ಏಸಿಯ ಬಾಯಿಗೆ ಬೆನ್ನು ಕೊಟ್ಟು ಕೂತಿದ್ದೆ.
ಹನ್ನೊಂದು ದಿನದ ಬಾಣಂತಿ.
ಊರಲ್ಲಾಗಿದ್ದರೆ ಹೊರಸಿನ ಕೆಳಗೆ ಕೆಂಡ, ಅಜವಾನದ ಹೊಗೆ;
ಇಲ್ಲಿ ಟೋಕನ್ ನಂಬರು ನಲವತ್ತೇಳು.

ಮಡಿಲಲ್ಲಿದ್ದವಳಿಗೆ ಇನ್ನೂ ಹೆಸರಿಲ್ಲ.
ಆಸ್ಪತ್ರೆಯ ಚೀಟಿಯಲ್ಲಿ ‘ಬೇಬಿ ಆಫ್ ನೀಲವ್ವ’,
ಎರಡು ಕಿಲೊ ಎಂಟುನೂರು, ನಸುಕಿನ ಮೂರು ನಲವತ್ತೆರಡು.
ನಿಮಿಷದ ಲೆಕ್ಕ ಇಟ್ಟಿದ್ದಾರೆ ಇವಳಿಗೆ!
ನಾನು ಹುಟ್ಟಿದ್ದು ಜೂನ್ ಒಂದಕ್ಕೆ,
ನನ್ನ ಗಂಡನೂ, ನಮ್ಮ ಕ್ಲಾಸಿನ ಮೂವತ್ತೊಂದು ಮಂದಿಯೂ.
ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರು ಹಡೆದ ಮಕ್ಕಳು ನಾವು.
ಅತ್ತೆಗಂತೂ ತಾರೀಖೇ ಇರಲಿಲ್ಲ:
ಬಿರುಗಾಳಿಗೆ ಬಣವಿ ಹಾರಿದ ವರ್ಷ,
ಎಳ್ಳಮಾಸಿಯ ಹಿಂದೋ ಮುಂದೋ.

ಕಾಗದದ ಚೀಲ ಗಂಡನ ತೊಡೆಯ ಮೇಲೆ.
ಮದುವೆಯಾದದ್ದು ಮಠದ ಅಂಗಳದಲ್ಲಿ, ನೂರಾ ಒಂದು ಜೋಡಿಯ ನಡುವೆ,
ಅಕ್ಕಿಕಾಳು ಎಸೆದ ಕೈಗಳು ಸಾವಿರ.
ಸರ್ಕಾರಕ್ಕೆ ಬೇಕಾದದ್ದು ಎರಡು ಸಹಿ.
ಮೈದುನ ಓಡಾಡಿ ಗದಗಿನಲ್ಲೊಂದು ಮುದ್ರೆ,
ಬೆಂಗಳೂರಿನಲ್ಲೊಂದು, ದಿಲ್ಲಿಯಲ್ಲೊಂದು ಒತ್ತಿಸಿ ಕಳಿಸಿದ;
ಇಲ್ಲಿಗೆ ಬಂದ ಮೇಲೆ ಮತ್ತೂ ಒಂದು.
ಹಿಂಬದಿ ತಿರುಗಿಸಿದರೆ
ಬರೆ ಹಾಕಿಸಿಕೊಂಡ ಎತ್ತಿನ ತೊಡೆ.
ನೂರಾ ಇಪ್ಪತ್ತು ದಿನ ದಾಟಿದರೆ ದಿನಕ್ಕಿಷ್ಟು ದಂಡ,
ಹುಟ್ಟಿ ಸುಮ್ಮನಿದ್ದುದಕ್ಕೆ.

ಬೀರಾನ್ ಕಾಕಾ ಕೇಳಿದ, ಅರ್ಧ ಹಿಂದಿ ಅರ್ಧ ಮಲಯಾಳ:
ತಂದೆಯ ಹೆಸರು?
ಫಕೀರೇಶ.
ಧರ್ಮ?
ಹಿಂದೂ.
ಕಾಕಾನ ಬೆರಳು ಗಾಳಿಯಲ್ಲೇ ನಿಂತವು.
ನನ್ನ ಗಂಡ ಶಿರಹಟ್ಟಿಯ ಮಠದ ಕಥೆ ಶುರು ಮಾಡಿ
ಎರಡನೇ ಮಾತಿಗೆ ಹಿಂದಿ ತೀರಿಹೋಗಿ ಸುಮ್ಮನಾದ.
ಅಡ್ಡಹೆಸರು?
ಉಳ್ಳಾಗಡ್ಡಿ.
ಹಾಗಂದರೆ?
ಮುಷ್ಟಿ ಹಿಡಿದು ಗಡ್ಡೆ ಮಾಡಿ, ಹೆಚ್ಚಿದಂತೆ ಮಾಡಿ,
ಕಣ್ಣೊರೆಸಿಕೊಂಡು ತೋರಿಸಿದೆ ನಾನೇ.
ಪಕ್ಕದ ಸುಡಾನಿನವ ‘ಬಸಲ್, ಬಸಲ್’ ಎಂದು ತೊಡೆ ತಟ್ಟಿ ನಕ್ಕ.
ಅರಬ್ಬಿಗೆ ಳ ಇಲ್ಲ, ಡ ಇಲ್ಲ;
ಏಳು ತಲೆಮಾರಿನ ಹೆಸರು ಸಿಪ್ಪೆ ಸುಲಿಸಿಕೊಂಡು
ಉಲ್ಲಾಗದ್ದಿ ಆಯಿತು.

ಕೂಸಿನ ಹೆಸರು?
ಅವ್ವನ ಮಣ್ಣಿಗೆ ರಜೆ ಸಿಗದವನು
ಗಂಟಲು ಕೆರೆದುಕೊಂಡ. ಪಾರವ್ವ, ಅಂದ.
ಮೊದಲ ಸಲ ಅಂದದ್ದು ಕೀಬೋರ್ಡಿನ ಮುಂದೆ,
ತೊಟ್ಟಿಲೂ ಇಲ್ಲ, ಕಿವಿಯಲ್ಲಿ ಕೂಗುವ ಸೋದರತ್ತೆಯೂ ಇಲ್ಲ.

ಪ್ರಿಂಟು ಬಂತು. ಎಡಕ್ಕೆ ಇಂಗ್ಲಿಷು, ಬಲಕ್ಕೆ ಅರಬ್ಬಿ.
ಕಾಕಾ ಬಲತುದಿಗೆ ಬೆರಳಿಟ್ಟು ಓದಿದ:
ಬಾರವ್ವ.
ಬ ಅಲ್ಲ, ಪ, ಅಂದ ನನ್ನ ಗಂಡ.
ಅರಬ್ಬಿಗೆ ಪ ಇಲ್ಲ ಮೋನೆ,
ಪೆಪ್ಸಿಯೂ ಇಲ್ಲಿ ಬೆಬ್ಸಿ.

ನಾನು ಬಗ್ಗಿ ನೋಡಿದೆ.
ಸಣ್ಣದೊಂದು ಕೊಕ್ಕೆ, ಕೆಳಗೆ ಚುಕ್ಕೆ,
ಗಲ್ಲಕ್ಕಿಟ್ಟ ದೃಷ್ಟಿಬೊಟ್ಟಿನ ಹಾಗೆ.
ಎಡಗಡೆ ಪಾರ, ಆಚೆಯ ದಡ.
ಬಲಗಡೆ,
ಹೊಲದ ಬದುವಿನ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು
ಅತ್ತೆ ನನ್ನ ಕೂಗುತ್ತಿದ್ದಂತೆ:
ಬಾರವ್ವ, ಬುತ್ತಿ ಬಿಚ್ಚೂಣು.

ತಿದ್ದಿಸೂಣೇನು, ಕೇಳಿದ.
ಬ್ಯಾಡ, ಇರ್ಲಿ ಬಿಡ್ರಿ, ಅಂದೆ.
ಇನ್ನೂ ಏನೋ ಹೇಳುವುದಿತ್ತು; ಅಷ್ಟರಲ್ಲಿ ಹಾಲು ಇಳಿಯಿತು.

ಅಲ್ಲಿಂದ ಪಾಸ್‌ಪೋರ್ಟಿನ ಫೋಟೊಕ್ಕೆ.
ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿಸಿ
ನೇಪಾಳದ ಹುಡುಗ ಕೀಲಿ ಗೊಂಚಲು ಅಲ್ಲಾಡಿಸಿದ, ಸಿಳ್ಳೆ ಹಾಕಿದ.
ಕಣ್ಣು ತೆರೆದಿರಬೇಕು, ಅದು ಕಾನೂನು.
ಪಾರವ್ವ, ಪಾರವ್ವ, ಕರೆದ ಅವಳಪ್ಪ.
ಅವಳು ಬಾಯಿ ಮಾತ್ರ ತೆರೆದಳು, ಆಕಳಿಸಿದಳು.
ನಾನು ಕಿವಿಯ ಅರಳೆ ತೆಗೆದು, ಬಗ್ಗಿ,
ಬಲಗಡೆಯ ಹೆಸರು ಹಿಡಿದು ಕರೆದೆ.
ಬಿಟ್ಟಳು.
ಒಂದೇ ಕಣ್ಣು.
ಇದು ನಡೆಯೋದಿಲ್ಲ ದೀದಿ, ಅಂದ ಹುಡುಗ,
ಮತ್ತೊಮ್ಮೆ ಕರೀರಿ.